ಸಬ್‌ಮರೀನರೋ, ಸೀಮಾಸ್ಟರೋ: ಡೈವ್ ವಾಚು ಕೊಳ್ಳುವ ಮುನ್ನ ಹೋಲಿಸಿ ನೋಡುವ ಕ್ರಮ

ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷಗಳಲ್ಲಿ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯ ಓದುಗರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ರೋಲೆಕ್ಸ್ ಸಬ್‌ಮರೀನರ್ ಕೊಳ್ಳುವುದೋ, ಒಮೆಗಾ ಸೀಮಾಸ್ಟರ್ ಕೊಳ್ಳುವುದೋ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿರುವುದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎರಡೂ ಸ್ವಿಟ್ಜರ್ಲೆಂಡಿನ ಉಕ್ಕಿನ ಡೈವ್ ವಾಚುಗಳು, ಅಂದರೆ ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದವು. ಎರಡಕ್ಕೂ 300 ಮೀಟರ್ ಆಳದ ನೀರಿನ ತಡೆ ಇದೆ, ಎರಡಕ್ಕೂ ಗೀರು ಬೀಳದ ಸೆರಾಮಿಕ್ ಬೆಝೆಲ್ ಇದೆ, ಎರಡಕ್ಕೂ ಕಂಪನಿ 5 ವರ್ಷದ ವಾರಂಟಿ ಕೊಡುತ್ತದೆ. ಬೆಝೆಲ್ ಎಂದರೆ ಡಯಲಿನ ಸುತ್ತ ಬಳೆಯಂತೆ ಕೂತು ತಿರುಗುವ, ನಿಮಿಷಗಳ ಗುರುತಿರುವ ಪಟ್ಟಿ. ಇಷ್ಟೊಂದು ಸಾಮ್ಯವಿರುವ ಎರಡು ವಸ್ತುಗಳ ಗುಣಪಟ್ಟಿಯನ್ನು ಎದುರುಬದುರು ಇಟ್ಟುಕೊಂಡು ರಾತ್ರಿಯಿಡೀ ಓದಿದರೂ ತೀರ್ಮಾನಕ್ಕೆ ಬರಲಾಗುವುದಿಲ್ಲ. ಕೊಂಡವರು ವರ್ಷ ಕಳೆದ ಮೇಲೆ ನನ್ನೆದುರು ಹೇಳಿಕೊಳ್ಳುವ ಸಂತೋಷವಾಗಲಿ, ಬೇಸರವಾಗಲಿ ಬಹುಪಾಲು ಮೂರು ಸಂಗತಿಗಳದ್ದು: ಚೈನಿನ ಕೊಂಡಿ, ವಾಚಿನ ದಪ್ಪ, ಮತ್ತು ಬೇಕಾದಾಗ ಅಂಗಡಿಯಲ್ಲಿ ವಾಚು ಸಿಕ್ಕಿತೋ ಇಲ್ಲವೋ ಎಂಬುದು. ಒಳಗಿನ ಮಷೀನಿನ ಬಗ್ಗೆ ದೂರು ಹೇಳಿದವರು ಅಪರೂಪ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಕೈಗೆ ಕಟ್ಟಿ ನೋಡುವ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದವು

ಒಂದು ದಾರ, ಮಿಲಿಮೀಟರ್ ಗುರುತಿರುವ ಸ್ಕೇಲು, ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ, ಕತ್ತರಿ, ಸಣ್ಣ ಟಾರ್ಚು. ಇವುಗಳ ಜೊತೆಗೆ ಬೆಂಗಳೂರಿಗೆ ಹೋಗಿಬರಲು ಒಂದಲ್ಲ, ಎರಡು ದಿನ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಈ ಎರಡು ವಾಚುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅನುಕೂಲವಿಲ್ಲದ ಕಾರಣ ಪ್ರಯಾಣ ಅನಿವಾರ್ಯ. ಮೊದಲ ದಿನ ನೋಡಲು ಮಾತ್ರ ಹೋಗಿ. ಅಂದು ದುಡ್ಡು ಕೊಡುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಹಂತ 1: ಯಾವ ಮಾದರಿಯನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ ಎಂಬುದನ್ನು ಖಚಿತ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸೀಮಾಸ್ಟರ್ ಎಂಬುದು ಒಂದು ವಾಚಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. 1948ರಿಂದ ಒಮೆಗಾ ಅದನ್ನು ಬಳಸುತ್ತಿದೆ. ಆಕ್ವಾ ಟೆರಾ, ಪ್ಲಾನೆಟ್ ಓಷನ್, ಸೀಮಾಸ್ಟರ್ 300, ಸೀಮಾಸ್ಟರ್ ಡೈವರ್ 300ಎಂ ಎಲ್ಲವೂ ಅದೇ ಕುಟುಂಬದವು. ಕೊನೆಯ ಎರಡರ ಹೆಸರು ಕಿವಿಗೆ ಒಂದೇ ಎನ್ನಿಸಿದರೂ ಅವು ಬೇರೆ ಬೇರೆ ವಾಚುಗಳು: ಸೀಮಾಸ್ಟರ್ 300 ಎಂಬುದು 1957ರ ಹಳೆಯ ವಿನ್ಯಾಸದ ಮುಂದುವರಿಕೆ, ಡೈವರ್ 300ಎಂ ಎಂಬುದು 1993ರಲ್ಲಿ ಹುಟ್ಟಿದ್ದು. ಸಬ್‌ಮರೀನರ್‌ಗೆ ಸಮನಾಗಿ ಜನ ಇಟ್ಟು ನೋಡುವುದು ಡೈವರ್ 300ಎಂ ಅನ್ನು. ಫೋನಿನಲ್ಲಿ ಅಂಗಡಿಯವರೊಂದಿಗೆ ಮಾತನಾಡುವಾಗ ಪೂರ್ತಿ ಹೆಸರು ಹೇಳಿ, ಇಲ್ಲದಿದ್ದರೆ ಬೇರೆಯದರ ಬೆಲೆ ಕೇಳಿಕೊಂಡು ಕೂರಬೇಕಾಗುತ್ತದೆ.

ಈ ಲೇಖನದಲ್ಲಿ ಸೀಮಾಸ್ಟರ್ ಎಂದಾಗಲೆಲ್ಲ 2018ರಲ್ಲಿ ಹೊಸದಾಗಿ ಬಂದ, ಕ್ಯಾಲಿಬರ್ 8800 ಮಷೀನಿನ, 42 ಮಿ.ಮೀ. ಅಗಲದ, 6 ಗಂಟೆಯ ಜಾಗದಲ್ಲಿ ತಾರೀಖಿರುವ ಡೈವರ್ 300ಎಂ ಎಂದೇ ತಿಳಿಯಿರಿ.

ರೋಲೆಕ್ಸ್ ಕಡೆ ಗೊಂದಲ ಇನ್ನೊಂದು ಬಗೆಯದು. ಸಬ್‌ಮರೀನರ್ 1953ರಷ್ಟು ಹಳೆಯದು. ಈಗಿನ ಮಾದರಿಗಳು 2020ರ ಸೆಪ್ಟೆಂಬರ್‌ನಲ್ಲಿ ಬಂದವು. ತಾರೀಖು ಇಲ್ಲದ್ದು 124060, ತಾರೀಖು ಇರುವ ಕಪ್ಪು ಬಣ್ಣದ್ದು 126610ಎಲ್‌ಎನ್. ಇವು 41 ಮಿ.ಮೀ. ಅಗಲದವು. ಅದಕ್ಕೆ ಹಿಂದಿನ 114060 ಮತ್ತು 116610 ಮಾದರಿಗಳು 40 ಮಿ.ಮೀ. ಇದ್ದು, ಪೂರ್ತಿ ಕೀಲಿ ತುಂಬಿದರೆ 48 ಗಂಟೆ ನಡೆಯುತ್ತಿದ್ದವು. ನೀವು ನೋಡುವ ಹೋಲಿಕೆಯ ವಿಡಿಯೊ 2020ಕ್ಕಿಂತ ಹಿಂದಿನದಾದರೆ ಅಲ್ಲಿ ಹೇಳುವ ಅಳತೆ, ಮಷೀನು ಎರಡೂ ಈಗಿನ ವಾಚಿಗೆ ಹೊಂದುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾತ್ರ ಹಳೆಯ ಅಂಕಿಗಳನ್ನು ನೋಡಬೇಕು.

ತಾರೀಖು ಬೇಕೋ ಬೇಡವೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ರೋಲೆಕ್ಸ್‌ನಲ್ಲಿ ತಾರೀಖಿನ ಮೇಲೆ ಎರಡೂವರೆ ಪಟ್ಟು ದೊಡ್ಡದಾಗಿ ಕಾಣಿಸುವ ಉಬ್ಬು ಗಾಜು ಇರುತ್ತದೆ. ಚಾಳೀಸು ದಾಟಿದವರಿಗೆ ಅದು ನಿಜಕ್ಕೂ ಉಪಯೋಗ. ಕೆಲವರಿಗೆ ಅದು ಗಾಜಿನ ಮೇಲೆ ಬಿದ್ದ ಮಳೆಹನಿಯಂತೆ ಕಂಡು ಕಿರಿಕಿರಿ.

ಹಂತ 2: 300 ಮೀಟರ್ ಎಂಬ ಅಂಕಿಯನ್ನು ಬದಿಗಿಡಿ

ಮೋಜಿಗಾಗಿ ಸ್ಕೂಬಾ ಡೈವಿಂಗ್ ಮಾಡುವವರಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಮಿತಿಯೇ 40 ಮೀಟರ್. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ನೀರಿಗಿಳಿಯುವವರು ಅದರ ಅರ್ಧಕ್ಕೂ ಹೋಗುವುದಿಲ್ಲ. ಯಗಚಿ ಹಿನ್ನೀರು, ಹೇಮಾವತಿ, ಮನೆಯ ಕೆರೆ, ಜೂನ್ ತಿಂಗಳ ಮಳೆ ಇವೆಲ್ಲಕ್ಕೂ ಎರಡು ವಾಚುಗಳೂ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಗಟ್ಟಿ. ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡ ಡೈವ್ ವಾಚು ಎನ್ನಿಸಿಕೊಳ್ಳಲು ಕನಿಷ್ಠ 100 ಮೀಟರ್ ಕೇಳುತ್ತದೆ ಮತ್ತು ಬರೆದ ಆಳಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ನಡೆಸಲು ಹೇಳುತ್ತದೆ ಎಂಬುದು ತಿಳಿದಿದ್ದರೆ ಸಾಕು.

ಸೀಮಾಸ್ಟರ್‌ನ ಬದಿಯಲ್ಲಿ ಸಮಯ ಹೊಂದಿಸುವ ತಿರುಪಲ್ಲದೆ 10 ಗಂಟೆಯ ಜಾಗದಲ್ಲಿ ಕಾಣುವ ಎರಡನೆಯ ತಿರುಪು ಹೀಲಿಯಂ ವಾಲ್ವು. ಸಮುದ್ರದಾಳದಲ್ಲಿ ದಿನಗಟ್ಟಲೆ ಕೆಲಸ ಮಾಡುವ ವೃತ್ತಿಪರರು ಹೀಲಿಯಂ ಬೆರೆತ ಗಾಳಿಯ ಕೋಣೆಗಳಲ್ಲಿ ವಾಸಿಸುತ್ತಾರೆ. ಆ ಅನಿಲ ನಿಧಾನಕ್ಕೆ ವಾಚಿನೊಳಗೆ ನುಸುಳಿ, ಮೇಲೆ ಬರುವಾಗ ಹಿಗ್ಗಿ ಗಾಜನ್ನೇ ಕಿತ್ತೆಸೆಯದಂತೆ ಹೊರಹೋಗಲು ಮಾಡಿದ ದಾರಿ ಅದು. ಸಬ್‌ಮರೀನರ್‌ನಲ್ಲಿ ಇದು ಇಲ್ಲ, ಇಲ್ಲದಿರುವುದು ಕೊರತೆಯೂ ಅಲ್ಲ. ಕೈ ಸುಮ್ಮನಿರದೆ ಆ ವಾಲ್ವನ್ನು ಬಿಚ್ಚಿ ಮುಚ್ಚಿ ಆಟವಾಡುವುದು ಮಾತ್ರ ಬೇಡ.

ಹಂತ 3: ಮನೆಯಲ್ಲೇ ಕಾಗದದ ವಾಚು ಕತ್ತರಿಸಿ ನೋಡಿ

ಅಂಗಡಿಯ ಕನ್ನಡಿ, ಬೆಳಕು ಮತ್ತು ಮಾರಾಟಗಾರರ ನಯವಾದ ಮಾತು ಸೇರಿದರೆ ಯಾವ ವಾಚಾದರೂ ಕೈಗೆ ಒಪ್ಪುವಂತೆ ಕಾಣುತ್ತದೆ. ಅದಕ್ಕೆ ಮೊದಲೇ ಅಳತೆ ತಿಳಿದಿರಬೇಕು.

ಮಣಿಕಟ್ಟಿನ ಮೂಳೆಯ ಹಿಂದೆ, ವಾಚು ಕಟ್ಟುವ ಜಾಗದಲ್ಲಿ ದಾರ ಸುತ್ತಿ ಸುತ್ತಳತೆ ತೆಗೆಯಿರಿ. ನಂತರ ಅದಕ್ಕಿಂತ ಮುಖ್ಯವಾದ ಎರಡನೆಯ ಅಳತೆ: ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಮಣಿಕಟ್ಟಿನ ಮೇಲ್ಭಾಗ ಎಷ್ಟು ಮಿಲಿಮೀಟರ್ ಚಪ್ಪಟೆಯಾಗಿದೆ ಎಂದು ಸ್ಕೇಲಿಟ್ಟು ನೋಡಿ. ವಾಚಿನ ಲಗ್‌ಗಳು, ಅಂದರೆ ಚೈನು ಸೇರುವ ನಾಲ್ಕು ಕೊಂಬುಗಳು, ಈ ಚಪ್ಪಟೆ ಜಾಗದೊಳಗೆ ಕೂರಬೇಕು. ಹೊರಚಾಚಿದರೆ ವಾಚು ಕೈಯ ಮೇಲೆ ತಟ್ಟೆ ಇಟ್ಟಂತೆ ಕಾಣುತ್ತದೆ ಮತ್ತು ಜೀಪಿನ ಬಾಗಿಲು, ಗೇಟು, ಕಾಫಿ ಗಿಡದ ರೆಂಬೆ ಎಲ್ಲಕ್ಕೂ ತಗಲುತ್ತದೆ.

ಈಗ ಕರೆಯೋಲೆಯ ಕಾಗದದಲ್ಲಿ ಎರಡು ತುಂಡು ಕತ್ತರಿಸಿ. ಒಂದು 41 ಮಿ.ಮೀ. ಅಗಲ, ಕೊಂಬಿನಿಂದ ಕೊಂಬಿಗೆ ಸುಮಾರು 48 ಮಿ.ಮೀ. ಉದ್ದ, ಇದು ಸಬ್‌ಮರೀನರ್. ಇನ್ನೊಂದು 42 ಮಿ.ಮೀ. ಅಗಲ, ಸುಮಾರು 50 ಮಿ.ಮೀ. ಉದ್ದ, ಇದು ಸೀಮಾಸ್ಟರ್. ಪ್ರತಿಯೊಂದಕ್ಕೂ ಅದರದೇ ದಪ್ಪ ಬರುವವರೆಗೆ ಕಾಗದದ ಪದರ ಅಂಟಿಸಿ: ಮೊದಲನೆಯದಕ್ಕೆ ಹನ್ನೆರಡೂವರೆ ಮಿಲಿಮೀಟರ್ ಆಸುಪಾಸು, ಎರಡನೆಯದಕ್ಕೆ ಹದಿಮೂರೂವರೆಗೆ ತುಸು ಮೇಲೆ. ದಾರದಿಂದ ಕಟ್ಟಿಕೊಂಡು, ತುಂಬುತೋಳಿನ ಅಂಗಿಯ ಗುಂಡಿ ಹಾಕಿ, ಅರ್ಧ ದಿನ ಓಡಾಡಿ. ಮನೆಯವರು ನಗುತ್ತಾರೆ, ಪರವಾಗಿಲ್ಲ. ಒಂದು ಮಿಲಿಮೀಟರ್ ದಪ್ಪದ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ. ಅಂಗಿಯ ಕಫ್ ಒಳಗೆ ಅದು ಜಾರುತ್ತದೆಯೋ, ಸಿಕ್ಕಿಹಾಕಿಕೊಳ್ಳುತ್ತದೆಯೋ ಎಂಬುದು ಬೇರೆ ಮಾತು.

ಹಂತ 4: ಮಷೀನಿನ ಅಂಕಿಗಳನ್ನು ಓದುವ ಬಗೆ

ಎರಡೂ ಆಟೊಮ್ಯಾಟಿಕ್, ಅಂದರೆ ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವಂಥವು. ಬ್ಯಾಟರಿ ಇಲ್ಲ. ತಂದೆಯವರ ಕಾಲದ ಎಚ್‌ಎಂಟಿ ಜನತಾಕ್ಕೆ ಬೆಳಿಗ್ಗೆ ಎದ್ದು ಕೀಲಿ ಕೊಟ್ಟ ನೆನಪಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತತ್ವ ಅದೇ, ಕೀಲಿ ಕೊಡುವ ಕೆಲಸವನ್ನು ಒಳಗೆ ತಿರುಗುವ ಒಂದು ಲೋಹದ ಅರ್ಧಚಂದ್ರ ಮಾಡುತ್ತದೆ.

ನಡೆಯುವ ಅವಧಿ: ಸಬ್‌ಮರೀನರ್‌ನ 3230 ಮತ್ತು ತಾರೀಖಿರುವ 3235 ಮಷೀನುಗಳು ಸುಮಾರು 70 ಗಂಟೆ, ಸೀಮಾಸ್ಟರ್‌ನ 8800 ಮಷೀನು 55 ಗಂಟೆ. ಲೆಕ್ಕ ಹಾಕಿ ನೋಡಿ. ಶುಕ್ರವಾರ ಸಂಜೆ 7ಕ್ಕೆ ಬಿಚ್ಚಿಟ್ಟ ಸೀಮಾಸ್ಟರ್ ಸೋಮವಾರ ನಸುಕಿನ 2ಕ್ಕೆ ನಿಲ್ಲುತ್ತದೆ. ಸಬ್‌ಮರೀನರ್ ಸೋಮವಾರ ಸಂಜೆ 5ರವರೆಗೆ ನಡೆಯುತ್ತದೆ. ವಾರಾಂತ್ಯ ವಾಚು ಬಿಚ್ಚಿಡುವ ಅಭ್ಯಾಸವಿರುವ ಕಚೇರಿಯ ನೌಕರರಿಗೆ ಇದು ನಿಜವಾದ ವ್ಯತ್ಯಾಸ. ದಿನವೂ ಕಟ್ಟುವ ತೋಟದವರಿಗೆ ವ್ಯತ್ಯಾಸವೇ ಅಲ್ಲ.

ನಿಖರತೆ: ಕ್ರೊನೋಮೀಟರ್ ಎಂಬ ಪದ ಎರಡರ ಡಯಲಿನ ಮೇಲೂ ಇದೆ. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ ಮಷೀನನ್ನು ಕವಚಕ್ಕೆ ಹಾಕುವ ಮೊದಲೇ 15 ದಿನ, 5 ಭಂಗಿಗಳಲ್ಲಿ, 3 ತಾಪಮಾನಗಳಲ್ಲಿ ಪರೀಕ್ಷಿಸಿ, ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಎಂಬ ಮಿತಿಯೊಳಗಿದ್ದರೆ ಆ ಹೆಸರು ಕೊಡುತ್ತದೆ. ಎರಡೂ ಕಂಪನಿಗಳು ಅಲ್ಲಿಗೆ ನಿಲ್ಲುವುದಿಲ್ಲ. ರೋಲೆಕ್ಸ್ ಪೂರ್ತಿ ಜೋಡಿಸಿದ ವಾಚನ್ನು ಮತ್ತೆ ತಾನೇ ಪರೀಕ್ಷಿಸಿ ದಿನಕ್ಕೆ 2 ಸೆಕೆಂಡು ಹಿಂದೆ ಅಥವಾ ಮುಂದೆ ಎಂದು ಹೇಳುತ್ತದೆ. ಒಮೆಗಾ ವಾಚನ್ನು ಸ್ವಿಸ್ ಸರ್ಕಾರದ ಮಾಪನ ಸಂಸ್ಥೆ ಮೆಟಾಸ್ ನಿಗದಿ ಮಾಡಿದ 8 ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅದರ ಮಿತಿ ದಿನಕ್ಕೆ 0ಯಿಂದ 5 ಸೆಕೆಂಡು ಮುಂದೆ. ಅಂದರೆ ಒಮೆಗಾ ಹಿಂದೆ ಬೀಳುವಂತಿಲ್ಲ, ರೋಲೆಕ್ಸ್ ಎರಡು ಕಡೆಗೂ ಸ್ವಲ್ಪ ತೂಗಬಹುದು. ಬಸ್ಸು ತಪ್ಪಿಸಿಕೊಳ್ಳಬಾರದೆನ್ನುವವರಿಗೆ ಮುಂದೆ ಓಡುವ ವಾಚೇ ಒಳ್ಳೆಯದು ಎಂದು ನಾನು ತಮಾಷೆಗೆ ಹೇಳುವುದುಂಟು, ಆದರೆ ಇಷ್ಟು ಸಣ್ಣ ಅಂತರವನ್ನು ನೋಡಿ ಯಾರೂ ವಾಚು ಆರಿಸಬೇಕಾಗಿಲ್ಲ.

ಅಯಸ್ಕಾಂತ: ಇಲ್ಲಿ ಒಮೆಗಾ ಸ್ಪಷ್ಟವಾಗಿ ಮುಂದಿದೆ. ವಾಚಿನ ಲಯ ಹಿಡಿಯುವ ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಅಯಸ್ಕಾಂತಕ್ಕೆ ಸಿಕ್ಕಿದರೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗುತ್ತದೆ. ಒಮೆಗಾ ಆ ಸ್ಪ್ರಿಂಗನ್ನು ಸಿಲಿಕಾನ್‌ನಿಂದ ಮಾಡುತ್ತದೆ ಮತ್ತು ಇಡೀ ವಾಚು 15,000 ಗಾಸ್‌ನಷ್ಟು ಕಾಂತಕ್ಷೇತ್ರ ತಡೆಯುತ್ತದೆ ಎಂಬುದು ಮೆಟಾಸ್ ಪರೀಕ್ಷೆಯ ಭಾಗ. ರೋಲೆಕ್ಸ್‌ನ ನೀಲಿ ಪ್ಯಾರಾಕ್ರೋಮ್ ಸ್ಪ್ರಿಂಗು ನಿಯೋಬಿಯಂ ಮತ್ತು ಜಿರ್ಕೋನಿಯಂ ಮಿಶ್ರಲೋಹದ್ದು. ಅದೂ ಸಾಮಾನ್ಯ ಅಯಸ್ಕಾಂತಕ್ಕೆ ಜಗ್ಗುವುದಿಲ್ಲ, ಆದರೆ ಒಮೆಗಾದಷ್ಟು ದೊಡ್ಡ ಅಂಕಿಯನ್ನು ಕಂಪನಿ ಮುಂದಿಟ್ಟಿಲ್ಲ. ಸ್ಪೀಕರ್, ಮೊಬೈಲ್ ಕವರಿನ ಅಯಸ್ಕಾಂತ, ಜನರೇಟರಿನ ಪಕ್ಕ ದಿನವಿಡೀ ಇರುವವರು ಇದನ್ನು ಗಮನಕ್ಕೆ ತೆಗೆದುಕೊಳ್ಳಿ.

ಸೆಕೆಂಡಿನ ಮುಳ್ಳು ರೋಲೆಕ್ಸ್‌ನಲ್ಲಿ ಸೆಕೆಂಡಿಗೆ 8 ಹೆಜ್ಜೆ, ಒಮೆಗಾದಲ್ಲಿ 7 ಹೆಜ್ಜೆ ಇಡುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ಒಮೆಗಾದ ಹಿಂಬದಿಯಲ್ಲಿ ಗಾಜಿದ್ದು ಮಷೀನು ಕಾಣುತ್ತದೆ, ರೋಲೆಕ್ಸ್‌ನದು ಮುಚ್ಚಿದ ಉಕ್ಕು. ಬಂದ ನೆಂಟರಿಗೆ ತೋರಿಸುವ ಆಸೆಯಿದ್ದವರಿಗೆ ಒಮೆಗಾ.

ಹಂತ 5: ಅಂಗಡಿಯಲ್ಲಿ ಕೈಗೆ ಕಟ್ಟಿ ಪರೀಕ್ಷಿಸಿ

ಈ ಹಂತಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೊದಲೇ ಫೋನು ಮಾಡಿ, ನೋಡಲು ಸಬ್‌ಮರೀನರ್ ಇದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಎಷ್ಟೋ ಸಲ ಅಲ್ಲಿ ಇರುವುದು ಪ್ರದರ್ಶನಕ್ಕೆ ಮಾತ್ರ. ನೋಡುವುದಕ್ಕೆ ಅಷ್ಟೇ ಸಾಕು.

ಕೊಂಡಿಯಿಂದ ಆರಂಭಿಸಿ. ಮಧ್ಯಾಹ್ನದ ಸೆಕೆಗೆ ಕೈ ಊದಿಕೊಳ್ಳುತ್ತದೆ, ಮುಂಜಾನೆಯ ಚಳಿಗೆ ಕುಗ್ಗುತ್ತದೆ. ಬೆಳಿಗ್ಗೆ ಹದವಾಗಿದ್ದ ಚೈನು ಊಟದ ಹೊತ್ತಿಗೆ ಹಿಸುಕುತ್ತದೆ. ಸಬ್‌ಮರೀನರ್‌ನ ಗ್ಲೈಡ್‌ಲಾಕ್ ಕೊಂಡಿ ಯಾವ ಉಪಕರಣವೂ ಇಲ್ಲದೆ ಸುಮಾರು 2 ಮಿ.ಮೀ.ನಂತೆ ಒಟ್ಟು 20 ಮಿ.ಮೀ.ವರೆಗೆ ಚೈನನ್ನು ಉದ್ದ ಮಾಡುತ್ತದೆ. ಕೊಂಡಿ ತೆರೆದು, ಒಳಗಿನ ಪಟ್ಟಿಯನ್ನು ಉಗುರಿನಿಂದ ಎತ್ತಿ, ಒಂದು ಹಲ್ಲು ಹಿಂದಕ್ಕೆ ಜಾರಿಸಿ ಬಿಟ್ಟರೆ ಚಿಟಕ್ ಎಂದು ಕೂರುತ್ತದೆ. ನೀವೇ ಮಾಡಿ ನೋಡಿ, ಮಾರಾಟಗಾರರು ಮಾಡಿ ತೋರಿಸುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಮಾಸ್ಟರ್‌ನ ಉಕ್ಕಿನ ಚೈನಿನಲ್ಲೂ ಒಳಗಿನ ಗುಂಡಿ ಒತ್ತಿ ಜಾರಿಸುವ ವ್ಯವಸ್ಥೆ ಇದೆ, ಜೊತೆಗೆ ಡೈವಿಂಗ್ ಸೂಟಿನ ಮೇಲೆ ಕಟ್ಟಲು ಮಡಿಸಿದ ಹೆಚ್ಚುವರಿ ತುಂಡೂ ಇದೆ. ಕೆಲಸ ಎರಡೂ ಮಾಡುತ್ತವೆ. ಆದರೆ ಬೆರಳಿಗೆ ಸಿಗುವ ನಯ, ಕೊಂಡಿಯ ತೆಳುವು ಎರಡರಲ್ಲೂ ರೋಲೆಕ್ಸ್ ಒಂದು ಕೈ ಮೇಲು ಎಂದೇ ನನ್ನ ಅಭಿಪ್ರಾಯ. ಇಡೀ ಹೋಲಿಕೆಯಲ್ಲಿ ಬೆಲೆಯ ವ್ಯತ್ಯಾಸ ಕೈಗೆ ತಿಳಿಯುವ ಜಾಗ ಇದೊಂದೇ.

ಸೀಮಾಸ್ಟರ್ ರಬ್ಬರ್ ಪಟ್ಟಿಯಲ್ಲೂ ಸಿಗುತ್ತದೆ, ಸಬ್‌ಮರೀನರ್ ಉಕ್ಕಿನ ಆಯ್ಸ್ಟರ್ ಚೈನಿನಲ್ಲಿ ಮಾತ್ರ. ಮುಂದೆ ಬೇರೆ ಪಟ್ಟಿ ಹಾಕುವ ಯೋಚನೆಯಿದ್ದರೆ ಕೊಂಬುಗಳ ನಡುವಿನ ಅಂತರ ಸೀಮಾಸ್ಟರ್‌ನಲ್ಲಿ 20 ಮಿ.ಮೀ., ಈಗಿನ ಸಬ್‌ಮರೀನರ್‌ನಲ್ಲಿ 21 ಮಿ.ಮೀ. ಎಂದು ಬರೆದಿಟ್ಟುಕೊಳ್ಳಿ. 20ರ ಪಟ್ಟಿ ಎಲ್ಲೆಲ್ಲೂ ಸಿಗುತ್ತದೆ, 21ಕ್ಕೆ ಹುಡುಕಬೇಕು.

ಎರಡನೆಯದಾಗಿ ಬೆಝೆಲ್ ತಿರುಗಿಸಿ. ಅದರ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಿ ಇಟ್ಟರೆ ಆಮೇಲೆ ಎಷ್ಟು ನಿಮಿಷ ಕಳೆಯಿತೆಂದು ಓದಬಹುದು. ಅದು ಎಡಕ್ಕೆ ಮಾತ್ರ ತಿರುಗುತ್ತದೆ. ನೀರಿನಲ್ಲಿ ಆಕಸ್ಮಿಕವಾಗಿ ಏನಾದರೂ ತಗಲಿ ಜರುಗಿದರೂ ಕಳೆದ ಸಮಯ ಹೆಚ್ಚಾಗಿ ತೋರಿ ಮುಳುಗುಗಾರ ಬೇಗನೆ ಮೇಲೆ ಬರುವಂತಾಗಬೇಕೆಂಬುದು ಅದರ ಉದ್ದೇಶ. ಸಬ್‌ಮರೀನರ್‌ನ ಅಂಚು ನಾಣ್ಯದ ಅಂಚಿನಂತೆ ಹಲ್ಲುಹಲ್ಲಾಗಿದ್ದು ಒದ್ದೆ ಬೆರಳಿಗೂ ಹಿಡಿತ ಸಿಗುತ್ತದೆ. ಸೀಮಾಸ್ಟರ್‌ನದು ಅಲೆಯಲೆಯಾದ ನುಣುಪು ಅಂಚು. ನೋಡಲು ಚಂದ, ಒದ್ದೆ ಕೈಯಲ್ಲಿ ಜಾರುತ್ತದೆ. ಬೆರಳನ್ನು ನೀರಿನ ಲೋಟಕ್ಕೆ ಅದ್ದಿ ತಿರುಗಿಸಲು ಅನುಮತಿ ಕೇಳಿ. ಒಪ್ಪದಿದ್ದರೆ ಒಣಕೈಯಲ್ಲಿ ಎರಡೇ ಬೆರಳು ಬಳಸಿ ಪ್ರಯತ್ನಿಸಿ, ಅಂದಾಜು ಸಿಗುತ್ತದೆ.

ಡೈವಿಂಗ್‌ಗೆ ಹೋಗದವರಿಗೆ ಬೆಝೆಲ್ ಯಾಕೆ ಎಂದು ಕೇಳುವವರಿದ್ದಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಇದು ಉಪಯೋಗಕ್ಕೆ ಬರುತ್ತದೆ. ಬೆಝೆಲ್ 60 ನಿಮಿಷಕ್ಕೆ ಮಾತ್ರ ಎಂಬುದು ಪೂರ್ತಿ ನಿಜವಲ್ಲ: ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿಗೆ ಬದಲು ಗಂಟೆಯ ಮುಳ್ಳಿಗೆ ಸರಿಹೊಂದಿಸಿದರೆ ಪ್ರತಿ 5 ನಿಮಿಷದ ಮನೆಯೂ ಒಂದು ಗಂಟೆಯಾಗುತ್ತದೆ. ಗಂಟೆಯ ಮುಳ್ಳು 15ರ ಗುರುತಿಗೆ ಬಂದಾಗ 3 ಗಂಟೆ ಆಗಿದೆ, ಸ್ಪ್ರಿಂಕ್ಲರ್ ಜೆಟ್ಟಿನ ಜಾಗ ಬದಲಿಸಬಹುದು.

ಮೂರನೆಯದಾಗಿ ಓದುವಿಕೆ. ಸಬ್‌ಮರೀನರ್‌ನ ಡಯಲು ನುಣುಪಾದ ಕಪ್ಪು, ತುಂಬಿದ ಮುಳ್ಳುಗಳು. ಸೀಮಾಸ್ಟರ್‌ನ ಡಯಲೂ ಸೆರಾಮಿಕ್‌ನದೇ, ಅದರ ಮೇಲೆ ಲೇಸರ್‌ನಿಂದ ಕೆತ್ತಿದ ಅಲೆಗಳು. ಮುಳ್ಳುಗಳ ಮಧ್ಯಭಾಗ ಟೊಳ್ಳು. ಕನ್ನಡಕ ತೆಗೆದು, ಕೈಯನ್ನು ಸ್ಟೀರಿಂಗ್ ಮೇಲೆ ಇಟ್ಟಷ್ಟು ದೂರದಲ್ಲಿ ಹಿಡಿದು, ಒಂದೇ ನೋಟಕ್ಕೆ ಸಮಯ ಹೇಳಲಾಗುತ್ತದೆಯೇ ನೋಡಿ. ಟೊಳ್ಳು ಮುಳ್ಳು ಕೆಲವರ ಕಣ್ಣಿಗೆ ಅಲೆಗಳೊಳಗೆ ಕಳೆದುಹೋಗುತ್ತದೆ. ಬಳಿಕ ಟಾರ್ಚನ್ನು ಡಯಲಿನ ಮೇಲೆ ಅರ್ಧ ನಿಮಿಷ ಹಿಡಿದು, ಅಂಗೈಯಿಂದ ಮುಚ್ಚಿ ಕತ್ತಲು ಮಾಡಿ ನೋಡಿ. ರೋಲೆಕ್ಸ್‌ನಲ್ಲಿ ಎಲ್ಲ ಗುರುತುಗಳೂ ನೀಲಿಯಾಗಿ ಹೊಳೆಯುತ್ತವೆ. ಸೀಮಾಸ್ಟರ್‌ನಲ್ಲಿ ನಿಮಿಷದ ಮುಳ್ಳು ಮತ್ತು ಬೆಝೆಲ್‌ನ ಚುಕ್ಕೆ ಮಾತ್ರ ಹಸಿರು, ಉಳಿದದ್ದು ನೀಲಿ. ಮುಳುಗುಗಾರನಿಗೆ ಬೇಕಾಗಿರುವುದು ಆ ಎರಡೇ ಆದ್ದರಿಂದ ಬಣ್ಣ ಬೇರೆ ಮಾಡಿದ್ದಾರೆ. ಕರೆಂಟು ಹೋದ ಮಳೆಗಾಲದ ರಾತ್ರಿಯಲ್ಲಿ ಗಂಟೆಯ ಮುಳ್ಳು ಯಾವುದು, ನಿಮಿಷದ್ದು ಯಾವುದು ಎಂಬ ಗೊಂದಲವೇ ಬರುವುದಿಲ್ಲ. ಇದರಲ್ಲಿ ನನ್ನ ಮತ ಒಮೆಗಾಕ್ಕೆ.

ಹಂತ 6: ನಮ್ಮ ಮಳೆ, ಮಣ್ಣು, ಔಷಧಿಗೆ ಹೊಂದಿಸಿ ಯೋಚಿಸಿ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಚರ್ಮದ ಪಟ್ಟಿಯನ್ನು ಈ ವಾಚುಗಳಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ. ಉಕ್ಕಿನ ಚೈನಾದರೆ ತುಂಡುಗಳ ಸಂದಿಯಲ್ಲಿ ಕೆಮ್ಮಣ್ಣು ಬೆವರಿನೊಂದಿಗೆ ಸೇರಿ ಕೂತು ಮರಳುಕಾಗದದಂತೆ ತಿಕ್ಕುತ್ತದೆ. ಹದಿನೈದು ದಿನಕ್ಕೊಮ್ಮೆ, ತಿರುಪು ಬಿಗಿಯಾಗಿದೆಯೆಂದು ನೋಡಿಕೊಂಡು, ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಮತ್ತು ಮಕ್ಕಳ ಮೃದುವಾದ ಟೂತ್‌ಬ್ರಷ್‌ನಿಂದ ತೊಳೆಯಿರಿ. ಬೆಝೆಲ್‌ನ ಅಡಿಯಲ್ಲೂ ಮಣ್ಣು ಸೇರುತ್ತದೆ. ನೀರಿನೊಳಗೇ ನಾಲ್ಕಾರು ಸುತ್ತು ತಿರುಗಿಸಿದರೆ ಹೋಗುತ್ತದೆ.

ಬೋರ್ಡೋ ದ್ರಾವಣ ಹೊಡೆಯುವ ದಿನ ವಾಚು ಮನೆಯಲ್ಲಿರಲಿ. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣ ಚೈನಿನೊಳಗೆ ಒಣಗಿ ಗಟ್ಟಿಯಾದರೆ ತೆಗೆಯುವುದು ತಲೆನೋವು. ಬಿಸಿನೀರಿನ ಸ್ನಾನಕ್ಕೂ ಬಿಚ್ಚಿಡಿ. ಹಬೆ ಮತ್ತು ಸೋಪು ಒಳಗಿನ ರಬ್ಬರ್ ವಾಷರುಗಳ ಆಯುಷ್ಯ ಕಡಿಮೆ ಮಾಡುತ್ತವೆ.

ನೀರು ಒಳಹೋಗುವುದು ಬಹುತೇಕ ಒಂದೇ ಕಾರಣದಿಂದ: ತಿರುಪನ್ನು ಪೂರ್ತಿ ಬಿಗಿ ಮಾಡದಿರುವುದು. ಸಮಯ ಹೊಂದಿಸುವ ಆ ಬದಿಯ ಗುಂಡಿಗೆ ಕ್ರೌನ್ ಎನ್ನುತ್ತಾರೆ. ಈ ಎರಡು ವಾಚುಗಳಲ್ಲೂ ಅದು ಮರೆ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೀರು, ಇರುವ ತಿರುಪು. ನಾನು ಹಿಂದೆ ಇದಕ್ಕಿಂತ ಅಗ್ಗದ ಒಂದು ಡೈವ್ ವಾಚಿನ ತಿರುಪನ್ನು ಅರ್ಧಕ್ಕೇ ಬಿಟ್ಟು ಹಿನ್ನೀರಿಗೆ ಇಳಿದು, ದಡಕ್ಕೆ ಬಂದಾಗ ಗಾಜಿನ ಒಳಗೆ ಮಂಜು ಕಟ್ಟಿದ್ದನ್ನು ನೋಡಿದ್ದೇನೆ. ಬಿಗಿ ಮಾಡುವಾಗ ಮೊದಲು ಒತ್ತಿ ಹಿಡಿದು ಹಿಂದಕ್ಕೆ ಕಾಲು ಸುತ್ತು ತಿರುಗಿಸಿ, ಮರೆ ಸರಿಯಾಗಿ ಕೂತ ಅನುಭವವಾದ ಮೇಲೆ ಮುಂದಕ್ಕೆ ತಿರುಗಿಸಿ. ಅಡ್ಡಮರೆ ಹಿಡಿದರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ಆರಂಭಿಸಿ.

ಹಂತ 7: ದುಡ್ಡಿನ ಲೆಕ್ಕ

ಸಬ್‌ಮರೀನರ್ ಬೆಲೆ ಸೀಮಾಸ್ಟರ್‌ಗಿಂತ ಗಣನೀಯವಾಗಿ ಹೆಚ್ಚು. ಎರಡರ ಬೆಲೆಯೂ ವರ್ಷಕ್ಕೊಮ್ಮೆಯಾದರೂ ಬದಲಾಗುವುದರಿಂದ ಹೋಗುವ ವಾರದ ಬೆಲೆಯನ್ನೇ ಕೇಳಿ. ಸ್ವಿಟ್ಜರ್ಲೆಂಡ್ ಸೇರಿರುವ ಇಎಫ್‌ಟಿಎ ಕೂಟದೊಂದಿಗೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಹಂತಹಂತವಾಗಿ ಇಳಿಯಲಿದೆ. ಹಾಗೆಂದು ಅಂಗಡಿಯ ಬೆಲೆಯೂ ಅಷ್ಟೇ ಇಳಿಯುತ್ತದೆ ಎಂದು ಕಾಯುತ್ತ ಕೂರಬೇಡಿ, ಕಂಪನಿಗಳು ಬೆಲೆ ಏರಿಸುವುದನ್ನು ನಿಲ್ಲಿಸುವುದಿಲ್ಲ.

ಹತ್ತು ಲಕ್ಷ ರೂಪಾಯಿಯ ಗೆರೆಯನ್ನು ಗಮನಿಸಿ. 2025ರ ಏಪ್ರಿಲ್ 22ರಿಂದ, ಅದಕ್ಕಿಂತ ಹೆಚ್ಚಿನ ಬೆಲೆಯ ಕೈಗಡಿಯಾರಕ್ಕೆ ಅಂಗಡಿಯವರು ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಕೊಳ್ಳುವವರಿಂದ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ, ಸೇರಿಸುತ್ತಾರೆ. ಇದು ಹೆಚ್ಚುವರಿ ತೆರಿಗೆಯಲ್ಲ. ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುತ್ತದೆ. ಆದರೆ ಕೃಷಿ ಆದಾಯ ಮಾತ್ರ ಇದೆಯೆಂದು ರಿಟರ್ನ್ ಸಲ್ಲಿಸದೆ ಇರುವ ಬೆಳೆಗಾರರು ಆ ವರ್ಷ ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ವಾಪಸು ಬರುತ್ತದೆ. ನಮ್ಮ ಕಡೆಯವರು ಮರೆಯುವುದು ಇದನ್ನೇ. ಪ್ಯಾನ್ ಕಾರ್ಡು ಜೊತೆಗಿರಲಿ, ನಗದು ಕೊಡುವ ಮಾತೆತ್ತಬೇಡಿ.

ಇನ್ನು ಸಿಗುವ ಮಾತು. ಸೀಮಾಸ್ಟರ್ ನೋಡಿದ ದಿನವೇ ಕಟ್ಟಿಕೊಂಡು ಬರಬಹುದು. ಸಬ್‌ಮರೀನರ್‌ಗೆ ಹೆಸರು ಬರೆಸಿ ಕಾಯಬೇಕು, ಎಷ್ಟು ಕಾಲ ಎಂದು ಯಾರೂ ಲಿಖಿತವಾಗಿ ಹೇಳುವುದಿಲ್ಲ. ಅದು ಬೇಗ ಬರಲೆಂದು ಬೇಡದ ಇನ್ನೊಂದು ವಾಚನ್ನೋ ಒಡವೆಯನ್ನೋ ಕೊಳ್ಳುವುದಕ್ಕೆ ಇಳಿಯಬೇಡಿ. ಮರುಮಾರಾಟದಲ್ಲಿ ಲೆಕ್ಕ ತಿರುವುಮುರುವು: ಸಬ್‌ಮರೀನರ್ ಕೊಟ್ಟ ಬೆಲೆಯನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತದೆ, ಸೀಮಾಸ್ಟರ್ ಅಂಗಡಿಯಿಂದ ಹೊರಬಂದ ಕೂಡಲೇ ಒಂದಿಷ್ಟು ಕಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಸೀಮಾಸ್ಟರ್ ಲಾಭ.

ವಸ್ತುವಾಗಿ ನೋಡಿದರೆ ತಾರೀಖಿಲ್ಲದ ಸಬ್‌ಮರೀನರ್ ಹೆಚ್ಚು ಪಳಗಿದ ವಾಚು ಎಂದೇ ನನಗನ್ನಿಸುತ್ತದೆ. ಆದರೆ ನನ್ನನ್ನು ಕೇಳುವ ಹತ್ತರಲ್ಲಿ ಏಳು ಜನರಿಗೆ ನಾನು ಸೀಮಾಸ್ಟರ್ ಎನ್ನುತ್ತೇನೆ, ಏಕೆಂದರೆ ಅವರಿಗೆ ಬೇಕಾಗಿರುವುದು ಮಗಳ ಮದುವೆಗೋ ಅರವತ್ತರ ಶಾಂತಿಗೋ ಮೊದಲು ಕೈಯಲ್ಲಿರುವ ಒಂದು ವಾಚು. ಮಣಿಕಟ್ಟು ಸಣ್ಣದಿದ್ದರೆ, ಅಥವಾ ತುಂಬುತೋಳಿನ ಅಂಗಿ ದಿನನಿತ್ಯದ ಉಡುಪಾಗಿದ್ದರೆ, ಕಾದಾದರೂ ಸಬ್‌ಮರೀನರ್ ತೆಗೆದುಕೊಳ್ಳಿ.

ದುಬೈನಲ್ಲಿರುವ ಮಗನಿಂದಲೋ ಸಿಂಗಪುರದ ಅಳಿಯಂದಿರಿಂದಲೋ ತರಿಸುವವರಿಗೆ ಒಂದು ಎಚ್ಚರಿಕೆ: ಕೈಗೆ ಕಟ್ಟಿಕೊಂಡು ಬಂದರೆ ಸುಂಕವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸುಂಕರಹಿತ ಮಿತಿ ಈ ವಾಚುಗಳ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣವಾಗಲಿ ಮಂಗಳೂರಾಗಲಿ, ರೆಡ್ ಚಾನಲ್‌ನಲ್ಲಿ, ಅಂದರೆ ಸುಂಕದ ವಸ್ತು ತಂದವರ ದಾರಿಯಲ್ಲಿ, ಘೋಷಿಸಿ ಸುಂಕ ಕಟ್ಟದೆ ಹೊರಬಂದು ಸಿಕ್ಕಿಬಿದ್ದರೆ ವಾಚು ಜಪ್ತಿಯಾಗುವುದಲ್ಲದೆ ದಂಡವೂ ಬೀಳುತ್ತದೆ. ಸುಂಕ ಸೇರಿಸಿ ಲೆಕ್ಕ ಹಾಕಿದರೆ ಬೆಂಗಳೂರಿನ ಬೆಲೆಗೂ ಅದಕ್ಕೂ ಹೆಚ್ಚಿನ ಅಂತರ ಉಳಿಯುವುದಿಲ್ಲ.

ಹಳೆಯದನ್ನು ಕೊಳ್ಳುವವರು ಕ್ರಮಸಂಖ್ಯೆಯನ್ನು ಕಾರ್ಡಿನ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.ಈಗಿನ ಸಬ್‌ಮರೀನರ್‌ನಲ್ಲಿ ಅದು ಗಾಜಿನ ಒಳಗೆ, ಡಯಲಿನ ಸುತ್ತಲಿನ ಇಳಿಜಾರು ಉಕ್ಕಿನ ಮೇಲೆ 6 ಗಂಟೆಯ ಜಾಗದಲ್ಲಿ ಕೆತ್ತಿರುತ್ತದೆ. ಸೀಮಾಸ್ಟರ್‌ನಲ್ಲಿ ಕೊಂಬಿನ ಮೇಲೆ ಬಹಳ ಸಣ್ಣ ಅಕ್ಷರದಲ್ಲಿ. ಸಂಖ್ಯೆ ಹೊಂದಿದರೂ ಅಸಲಿ ಎಂದು ನಂಬುವಂತಿಲ್ಲ, ನಕಲಿ ಮಾಡುವವರು ಕಾರ್ಡನ್ನೂ ಮಾಡುತ್ತಾರೆ. ಹಣ ಕೊಡುವ ಮುನ್ನ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ತೋರಿಸೋಣ ಎಂದು ಮಾರುವವರಿಗೆ ಹೇಳಿ ನೋಡಿ. ನೆಪ ಹೇಳಿದರೆ ಎದ್ದು ಬನ್ನಿ.

ಹಂತ 8: ಸರ್ವಿಸ್ ಮತ್ತು ಮೊದಲ ತಿಂಗಳು

ರೋಲೆಕ್ಸ್ ಸುಮಾರು 10 ವರ್ಷಕ್ಕೊಮ್ಮೆ, ಒಮೆಗಾ 5ರಿಂದ 8 ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಮಾಡಿಸಲು ಹೇಳುತ್ತವೆ. ಒಮೆಗಾದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್, ಅಂದರೆ ಸ್ಪ್ರಿಂಗಿನ ಬಲವನ್ನು ಹನಿಹನಿಯಾಗಿ ಬಿಡುವ ಚಕ್ರದ ಜೋಡಣೆ, ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ರೂಪಿಸಿದ್ದು. ಸಾಮಾನ್ಯ ವಾಚುಗಳಿಗಿಂತ ಬೇರೆ ರೀತಿಯದಾದ್ದರಿಂದ ಪರಿಚಯವಿಲ್ಲದ ಕೈಗೆ ಅದನ್ನು ಕೊಡಬಾರದು. ರೋಲೆಕ್ಸ್‌ಗೂ ಇದೇ ಮಾತು. ಊರಿನ ಬಸ್ ನಿಲ್ದಾಣದ ಬಳಿಯ ರಿಪೇರಿಯವರು ಎಷ್ಟೇ ಪರಿಚಿತರಾಗಿರಲಿ, ಹಿಂಬದಿಯ ಮುಚ್ಚಳ ಒಮ್ಮೆ ತೆಗೆದರೆ ನೀರಿನ ತಡೆಯನ್ನು ಒತ್ತಡದ ಯಂತ್ರದಲ್ಲಿ ಮತ್ತೆ ಪರೀಕ್ಷಿಸಲೇಬೇಕು; ಆ ಯಂತ್ರವಿಲ್ಲದ ಕಡೆ ಚೈನಿನ ಒಂದು ತುಂಡು ತೆಗೆಸುವುದಕ್ಕಿಂತ ಹೆಚ್ಚಿನ ಕೆಲಸ ಬೇಡ. ನೀರಿಗೆ ಇಳಿಯುವ ಅಭ್ಯಾಸವಿದ್ದರೆ ವರ್ಷಕ್ಕೊಮ್ಮೆ ಆ ಪರೀಕ್ಷೆ ಮಾಡಿಸಿ, ಮುಂಗಾರಿಗೆ ಮೊದಲಾದರೆ ಇನ್ನೂ ಒಳ್ಳೆಯದು.

ವಾಚು ಮನೆಗೆ ಬಂದ ದಿನ ಬಿಲ್ಲು, ಕಾರ್ಡು, ಕ್ರಮಸಂಖ್ಯೆ ಮೂರರ ಫೋಟೊ ತೆಗೆದು, ಚೈನಿನಿಂದ ತೆಗೆದ ತುಂಡುಗಳನ್ನು ಪೆಟ್ಟಿಗೆಯಲ್ಲೇ ಇಡಿ. ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಹೆಸರು ಮತ್ತು ಕೊಂಡ ತಾರೀಖು ನಮೂದಾಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಮೊದಲ ಬಾರಿ ತಿರುಪನ್ನು ಬಿಚ್ಚಿ ಮೂವತ್ತು ನಲವತ್ತು ಸುತ್ತು ಕೀಲಿ ಕೊಟ್ಟು, ಫೋನಿನ ಸಮಯಕ್ಕೆ ಸೆಕೆಂಡು ಸಹಿತ ಹೊಂದಿಸಿ. ನಂತರ ಪ್ರತಿ ಭಾನುವಾರ ಒಂದೇ ಹೊತ್ತಿಗೆ ಎಷ್ಟು ಸೆಕೆಂಡು ವ್ಯತ್ಯಾಸ ಬಂತೆಂದು ಬರೆದಿಡುತ್ತ ಹೋಗಿ. ನಾಲ್ಕು ವಾರದ ಸರಾಸರಿ ಹಂತ 4ರಲ್ಲಿ ಹೇಳಿದ ಮಿತಿಗಿಂತ ಹೊರಗಿದ್ದರೆ ಆ ಚೀಟಿಯ ಸಮೇತ ಅಂಗಡಿಗೆ ಹೋಗಿ, ವಾರಂಟಿಯಲ್ಲೇ ಸರಿಮಾಡಿಕೊಡುತ್ತಾರೆ.